ಅರ್ಧ ಕೂತ ಮನೆ

ಗಟ್ಟಿ ಮೇಸ್ತ್ರಿ ಎಂಬ ಹೆಸರು ಯಾರೋ ಯೋಚನೆ ಮಾಡಿ ಇಟ್ಟದ್ದಲ್ಲ, ತಾನಾಗಿಯೇ ಅಂಟಿಕೊಂಡದ್ದು. ಗೋಡೆ ಕಟ್ಟಿ ಮುಗಿಸಿದ ಮೇಲೆ ಅವರು ಅಂಗೈಯಿಂದ ಎರಡು ಸಲ ತಟ್ಟಿ, ‘ಗಟ್ಟಿ!’ ಅಂತ ಒಂದೇ ಮಾತು ಹೇಳಿ ಕೈ ತೊಳೆಯೋಕೆ ಹೋಗುತ್ತಿದ್ದರು. ಕೇಳಿದವರು ನಂಬುತ್ತಿದ್ದರು. ನಂಬದೆ ಏನು ಮಾಡ್ತಾರೆ ಹೇಳಿ? ನಲವತ್ತು ವರ್ಷದಲ್ಲಿ ಅವರು ಕಟ್ಟಿದ ಗೋಡೆ ಬಿತ್ತು ಅಂತ ಒಬ್ಬರೂ ಬೆರಳು ತೋರಿಸಿದ್ದಿಲ್ಲ. ಹೊಗಳಿಸಿಕೊಳ್ಳೋದರಲ್ಲಿ ಅವರಿಗೆ ಸ್ವಲ್ಪ ಆಸೆ ಜಾಸ್ತಿ ಅನ್ನೋದು ಬಿಟ್ಟರೆ, ಕೆಲಸದಲ್ಲಿ ಕೊಂಕು ತೆಗೆಯೋ ಹಾಗಿರಲಿಲ್ಲ.

ಅಂಥವರ ಸ್ವಂತ ಅಕ್ಕನ ಮನೆಯಲ್ಲೇ ಬಿರುಕು ಬಿಟ್ಟರೆ ಹೇಗಾಗಬೇಡ?

ಅದೂ ಎಂಥಾ ಮನೆ! ಇಪ್ಪತ್ತಾರು ವರ್ಷದ ಹಿಂದೆ ಅವರೇ ನಿಂತು, ಒಂದೊಂದು ಇಟ್ಟಿಗೆಯನ್ನೂ ನೀರಲ್ಲಿ ನೆನೆಸಿ, ತಮ್ಮ ಕೈಯಾರೆ ಕಟ್ಟಿದ ಮನೆ. ಪಾಯ ತೋಡುವಾಗ ನಾಲ್ಕು ಅಡಿಗೇ ಹಾರೆ ಠಣ್ ಅಂದಿತ್ತು. ಕೆಳಗೆ ಬಂಡೆ. “ಅಕ್ಕಾ, ನಿನ್ನ ಮನೆ ಬಂಡೆ ಮೇಲಿದೆ. ನೀನು ನಿಶ್ಚಿಂತೆಯಾಗಿ ಮಲಗು” ಅಂದಿದ್ದರು ಮೇಸ್ತ್ರಿ. ಅಕ್ಕ ಮಲಗಿದಳು. ನೆಂಟರು ಸೇರಿದಾಗಲೆಲ್ಲ ಮೇಸ್ತ್ರಿ ಈ ಬಂಡೆಯ ಕಥೆ ತೆಗೆಯೋರು, ಒಂದೊಂದು ಸಲ ಹೇಳಿದಾಗಲೂ ಬಂಡೆ ಒಂದೊಂದು ಗೇಣು ಅಗಲವಾಗುತ್ತಿತ್ತು.

ನಿಜ ಏನು ಅಂದ್ರೆ, ಬಂಡೆ ಸಿಕ್ಕಿದ್ದು ಮುಂದಿನ ಅರ್ಧಕ್ಕೆ ಮಾತ್ರ, ಮುಂದಿನ ದೊಡ್ಡ ಹಾಲ್ ಮತ್ತು ಮಲಗುವ ಕೋಣೆಯ ಕೆಳಗೆ. ಹಿಂದೆ ಅಡುಗೆಮನೆ, ಅದರ ಪಕ್ಕದ ಚಿಕ್ಕ ಕೋಣೆ, ಅಲ್ಲಿ ಹಾರೆ ಹಾಕಿದಷ್ಟೂ ಮಣ್ಣೇ. ಬಿಗಿಯಾದ ಮಣ್ಣು, ಕೆಟ್ಟದ್ದೇನಲ್ಲ. ಮೇಸ್ತ್ರಿ ಅದೇ ನಾಲ್ಕು ಅಡಿಗೆ ನಿಲ್ಲಿಸಿ ಕಲ್ಲು ಕಟ್ಟಿಬಿಟ್ಟರು. ಮೋಸ ಮಾಡಬೇಕು ಅಂತ ಅಲ್ಲ ಸ್ವಾಮಿ. ಅರ್ಧ ಮನೆಗೆ ಬಂಡೆ ಸಿಕ್ಕಿದ್ದೇ ಪುಣ್ಯ, ಇನ್ನರ್ಧ ಅದರ ಜೊತೆಗೆ ನಿಂತುಕೊಳ್ಳುತ್ತೆ ಅಂತ ಅವರ ಲೆಕ್ಕ. ಆದರೆ ಅಕ್ಕನಿಗೆ ಹೇಳುವಾಗ ‘ಅರ್ಧ’ ಅನ್ನೋ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಇಪ್ಪತ್ತಾರು ವರ್ಷ ಅಲ್ಲೇ ಇತ್ತು.

ಈಗ ಹಾಲ್ ಮುಗಿದು ಅಡುಗೆಮನೆ ಶುರುವಾಗೋ ಕಡೆ, ಬಾಗಿಲ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು. ಒಬ್ಬ ಕಂಟ್ರಾಕ್ಟರು ಬಂದವನು ಹೊಸ್ತಿಲಲ್ಲೇ ನಿಂತು, “ಮನೆ ಕೆಳಕ್ಕೆ ಕೂತಿದೆ, ಪಾಯವೇ ಹೋಗಿದೆ. ಕೆಡವಿ ಕಟ್ಟಬೇಕು” ಅಂತ ಹೇಳಿ ಹೋದ. ಅಕ್ಕ ಎರಡು ದಿನ ತಲೆ ಮೇಲೆ ಕೈ ಹೊತ್ತು ಕೂತಳು. ಮೂರನೇ ದಿನ ಎದ್ದವಳೇ ಪಾತ್ರೆಪಡಗ ಎಲ್ಲ ಮೂಟೆ ಕಟ್ಟಿ, ಬಟ್ಟೆಯನ್ನು ಟ್ರಂಕಿಗೆ ತುಂಬಿ, ತಮ್ಮನಿಗೆ ಹೇಳಿ ಕಳಿಸಿದಳು: “ನಿನ್ನ ಸೊಸೆ ಬಂದು ನೋಡ್ಲಿ. ಅವಳು ಇರು ಅಂದ್ರೆ ಇರ್ತೀನಿ, ಹೊರಡು ಅಂದ್ರೆ ಹೊರಡ್ತೀನಿ. ಬೇರೆ ಯಾರ ಮಾತೂ ನನಗೆ ಬೇಡ.”

ಮೇಸ್ತ್ರಿಯ ಸೊಸೆಯ ಕೆಲಸವೇ ಅದು. ಮನೆಗಳ ಗೋಡೆ, ಚಾವಣಿ, ಪಾಯ ಪರೀಕ್ಷೆ ಮಾಡಿ, ಇದು ಇರೋಕೆ ಯೋಗ್ಯ, ಇದು ಅಲ್ಲ, ಇದಕ್ಕೆ ಇಂಥ ರಿಪೇರಿ ಬೇಕು ಅಂತ ಬರೆದುಕೊಡೋದು. ಮದುವೆಯಾಗಿ ಬಂದು ಮೂರು ವರ್ಷ. ಮೇಸ್ತ್ರಿಗೆ ಸೊಸೆ ಅಂದ್ರೆ ಅಕ್ಕರೆ, ಅವಳ ಕೆಲಸ ಅಂದ್ರೆ ತಾತ್ಸಾರ. “ಒಂದು ಇಟ್ಟಿಗೆ ಎತ್ತಿಟ್ಟು ಗೊತ್ತಿಲ್ಲ, ಊರವರ ಗೋಡೆಗೆಲ್ಲ ಮಾರ್ಕು ಕೊಡ್ತಾಳೆ” ಅಂತ ಹೆಂಡತಿಯ ಹತ್ತಿರ ಗೊಣಗುತ್ತಿದ್ದರು. ಅವಳು ಕೆಲಸ ಮಾಡೋದನ್ನು ಕಣ್ಣಾರೆ ಒಂದು ಸಲವೂ ನೋಡಿರಲಿಲ್ಲ. ಎರಡು ತಿಂಗಳ ಹಿಂದೆ, ಕಂಟ್ರಾಕ್ಟರು ಬರೋಕೂ ಮೊದಲು, ಅವಳು ಅಕ್ಕನ ಮನೆಗೆ ಮೊದಲ ಸಲ ಬಂದು, ಬಿರುಕಿನ ಮೇಲೆ ಅಡ್ಡಕ್ಕೆ ಮೂರು ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದಳು. ಆವಾಗ ಮೇಸ್ತ್ರಿ ಜ್ವರದ ನೆಪ ಹೇಳಿ ಮನೆಯಲ್ಲೇ ಉಳಿದಿದ್ದರು. ಇವತ್ತು ಕಡೇ ತೀರ್ಮಾನ. ಇವತ್ತು ನೆಪ ಯಾವುದೂ ಹೊಳೆಯಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಹೋದರು. ಬಾಗಿಲಲ್ಲಿ ಭಾವ ನಿಂತಿದ್ದರು, ಕೊರಳಲ್ಲಿ ಅಳತೆಯ ಟೇಪು. ಭಾವ ಟೈಲರು. ಟೇಪು ಇಲ್ಲದೆ ಅವರನ್ನು ನೋಡಿದವರು ಅಕ್ಕ ಒಬ್ಬಳೇ ಇರಬೇಕು.

“ಬಾರಯ್ಯ ಬಂಡೆ ಸಾಹುಕಾರ” ಅಂದರು ಭಾವ. “ನಿನ್ನ ಬಂಡೆ ಯಾಕೋ ಅಡುಗೆಮನೆ ಕಡೆ ವಾಕಿಂಗ್ ಹೊರಟ ಹಾಗಿದೆ.”

ಮೇಸ್ತ್ರಿ ಹಲ್ಲು ಕಿರಿದರು.

ಸೊಸೆ ಒಳಗೇ ಬರಲಿಲ್ಲ. ಚೀಲ ಜಗಲಿಯ ಮೇಲಿಟ್ಟು, ಕೈ ಹಿಂದೆ ಕಟ್ಟಿಕೊಂಡು ಮನೆಯ ಸುತ್ತ ನಡೆಯೋಕೆ ಶುರು ಮಾಡಿದಳು. ಒಂದು ಸುತ್ತು, ಎರಡು ಸುತ್ತು. ಮೇಸ್ತ್ರಿಗೆ ತಡೆಯಲಿಲ್ಲ. “ಬಿರುಕು ಒಳಗಿದೆ ಕಣಮ್ಮಾ” ಅಂದರು.

“ಬಿರುಕು ಎಲ್ಲಿಗೂ ಓಡಿ ಹೋಗಲ್ಲ ಮಾವ. ಮೊದಲು ಮನೆ ನೋಡ್ತೀನಿ, ಆಮೇಲೆ ಬಿರುಕು” ಅಂದಳು ಅವಳು. ಮೂರನೇ ಸುತ್ತಿಗೆ ಹಿಂದಿನ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿದಳು. ಮಣ್ಣು ಉಂಡೆಯಾಗಿ ನಿಂತಿತು. ಮುಂದಿನ ಗೋಡೆಯ ಬುಡದ ಮಣ್ಣು ಹಿಂಡಿದಳು, ಪುಡಿಯಾಗಿ ಉದುರಿತು. ಎರಡನ್ನೂ ಬರೆದುಕೊಂಡಳು.

ಮೇಸ್ತ್ರಿಯ ಹುಬ್ಬು ಮೇಲೆ ಹೋಯಿತು. ಮಣ್ಣನ್ನು ಹಿಂಡಿ ನೋಡೋದು ಅವರ ಗುರುವಿನ ಕಾಲದ ವಿದ್ಯೆ. ಇವಳಿಗೆ ಯಾರು ಕಲಿಸಿದರು?

ಒಳಗೆ ಬಂದವಳು ಒಂದೊಂದೇ ಬಾಗಿಲನ್ನು ಅರ್ಧ ತೆಗೆದು ಕೈ ಬಿಟ್ಟಳು. ಮುಂಬಾಗಿಲು ಬಿಟ್ಟಲ್ಲೇ ನಿಂತಿತು. ಮಲಗುವ ಕೋಣೆಯದೂ ನಿಂತಿತು. ಅಡುಗೆಮನೆಯ ಬಾಗಿಲು ಯಾರೋ ಕರೆದ ಹಾಗೆ ತಾನಾಗಿ ಒಳಗೆ ಹೋಗಿ ಗೋಡೆಗೆ ತಾಗಿತು. “ಅಯ್ಯೋ, ಅದು ಗಾಳಿಗೆ” ಅಂದಳು ಅಕ್ಕ. ಸೊಸೆ ಕಿಟಕಿಗಳನ್ನೆಲ್ಲ ಹಾಕಿ ಮತ್ತೆ ಬಿಟ್ಟಳು. ಬಾಗಿಲು ಮತ್ತೆ ಹೋಯಿತು. ಚೀಲದಿಂದ ಗೋಲಿಯಷ್ಟು ದಪ್ಪದ ಕಬ್ಬಿಣದ ಗುಂಡು ತೆಗೆದು ಹಾಲಿನ ನೆಲದ ಮೇಲೆ ಇಟ್ಟಳು. ಅದು ಕದಲಲಿಲ್ಲ. ಅಡುಗೆಮನೆ ಬಾಗಿಲ ಹತ್ತಿರ ಇಟ್ಟಳು. ಗುಂಡು ಒಂದು ಕ್ಷಣ ಯೋಚನೆ ಮಾಡಿ, ನಿಧಾನಕ್ಕೆ ಉರುಳಿಕೊಂಡು ಹಿಂದಿನ ಗೋಡೆಯ ಬುಡಕ್ಕೆ ಹೋಗಿ ಕೂತಿತು.

“ನನ್ನ ದಾರದ ಉಂಡೆನೂ ಹಿಂಗೇ ಓಡುತ್ತೆ” ಅಂದರು ಭಾವ. “ನಾನು ಇಷ್ಟು ದಿನ ಬೆಕ್ಕಿಗೆ ಬೈತಿದ್ದೆ.”

ಆಮೇಲೆ ಬಿರುಕಿನ ಹತ್ತಿರ ಬಂದಳು. ಮೇಸ್ತ್ರಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಈಗ ತಪ್ಪಲಿ, ಈಗ ಏನಾದರೂ ತಲೆಬುಡವಿಲ್ಲದ್ದು ಹೇಳಲಿ ಅಂತ ಕಾಯುತ್ತಿದ್ದರು ಅಂದರೂ ಸುಳ್ಳಲ್ಲ. ಅವಳು ಸ್ಟೂಲು ಹತ್ತಿ, ಬಿರುಕಿನೊಳಗೆ ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ಅತ್ತೆ, ಈ ಗೋಡೆಗೆ ಯಾವಾಗಲಾದ್ರೂ ಹಸಿರು ಬಣ್ಣ ಹೊಡೆಸಿದ್ರಾ?”

ಅಕ್ಕ ಬಾಯಿ ಮೇಲೆ ಕೈ ಇಟ್ಟಳು. “ದೊಡ್ಡವಳ ಮದುವೆಗೆ! ಹನ್ನೊಂದು ವರ್ಷ ಆಯ್ತು. ನಿನಗೆ ಯಾರು ಹೇಳಿದ್ರು?”

“ಬಿರುಕೇ ಹೇಳ್ತಿದೆ. ಒಳಗೆ ಹಸಿರು ಬಣ್ಣ ಇಳಿದಿದೆ. ಅಂದ್ರೆ ಆಗಲೇ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು, ಬಣ್ಣದಲ್ಲಿ ಮುಚ್ಚಿಹೋಯ್ತು. ಈ ಮೇಲಿನ ಅರ್ಧದಲ್ಲಿ ಬಣ್ಣವೇ ಇಲ್ಲ, ಅಂಚು ಚೂಪಾಗಿದೆ, ಬೆಳ್ಳಗಿದೆ. ಇದು ಹೊಸದು.” ಅವಳು ಮೇಸ್ತ್ರಿಯ ಕಡೆ ತಿರುಗಿದಳು. “ಮಾವ, ಕಂಟ್ರಾಕ್ಟರು ‘ಮನೆ ಕೂತಿದೆ’ ಅಂದ್ರಂತೆ. ಕೂತಿದ್ರೆ ಚಿಂತೆ ಇಲ್ಲ. ಎಲ್ಲ ಮನೆನೂ ಒಂದಿಷ್ಟು ಕೂರುತ್ತೆ. ಕೂತಿದೆಯೋ, ಕೂರ್ತಾ ಇದೆಯೋ, ಅದು ಮುಖ್ಯ.”

ಗಾಜಿನ ಪಟ್ಟಿಗಳೇ ಅದಕ್ಕೆ ಉತ್ತರ ಕೊಟ್ಟವು. ಕೆಳಗಿನದು ಹಾಗೇ ಇತ್ತು. ನಡುವಿನದು, ಮೇಲಿನದು ಎರಡೂ ಅಡ್ಡಕ್ಕೆ ಸೀಳಿದ್ದವು. ಗೋಡೆ ಎರಡು ತಿಂಗಳಲ್ಲಿ ಅಲುಗಾಡಿದೆ ಅಂತ ಅರ್ಥ. ಬಿರುಕಿನ ಮೇಲ್ತುದಿಯಲ್ಲಿ ನೀಲಿ ಸೀಮೆಸುಣ್ಣದ ಗೀರುಗಳು, ಒಂದೊಂದರ ಪಕ್ಕ ತಾರೀಖು.

“ಇದು ಯಾರ ಕೆಲಸ?”

“ನಂದೇ” ಅಂದರು ಭಾವ, ಸ್ವಲ್ಪ ನಾಚಿಕೊಂಡು. “ಬಟ್ಟೆ ಮೇಲೆ ಗುರುತು ಮಾಡೋ ಸೀಮೆಸುಣ್ಣ. ದಿನಾ ಬೆಳಿಗ್ಗೆ ನೋಡ್ತಿದ್ದೆ, ಎಷ್ಟು ಬೆಳೆದಿದೆ ಅಂತ.”

“ದೊಡ್ಡ ಮಾವ, ನೀವು ನನಗೆ ಎರಡು ತಿಂಗಳ ಕೆಲಸ ಉಳಿಸಿದ್ರಿ!” ಅಂತ ಸೊಸೆ ಒಂದೊಂದು ತಾರೀಖನ್ನೂ ಬರೆದುಕೊಂಡಳು. ಭಾವ ಟೇಪಿನ ಎರಡು ತುದಿ ಸರಿಮಾಡಿಕೊಂಡು, ಹೆಂಡತಿಯ ಮುಖ ನೋಡಿದರು. ಕೇಳಿಸ್ತಾ ಅನ್ನೋ ಹಾಗೆ.

ಆಮೇಲೆ ಅವಳು ಚಿಕ್ಕ ಮರದ ಸುತ್ತಿಗೆ ತಗೊಂಡು ಗೋಡೆ ಉದ್ದಕ್ಕೂ ಕುಟ್ಟುತ್ತಾ ಬಂದಳು. ಟಕ್, ಟಕ್, ಟಕ್. ಕಿವಿ ಗೋಡೆಗೆ ಹತ್ತಿರ. ಒಂದು ಕೋಣೆ ಮುಗೀತು, ಎರಡು ಕೋಣೆ ಮುಗೀತು. ಕೊನೆಗೆ ಸುತ್ತಿಗೆ ಇಳಿಸಿ, “ಮಾವ” ಅಂದಳು, “ನಾನು ನಾನೂರು ಮನೆ ಕುಟ್ಟಿದ್ದೀನಿ. ಒಂದು ಕಡೆನೂ ಟೊಳ್ಳು ಸಿಗದೆ ಇರೋ ಮನೆ ಇದೇ ಮೊದಲು. ಇಲ್ಲಿ ನೋಡಿ, ಬಿರುಕು ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗ್ತಿತ್ತಲ್ಲ, ಈ ಜಾಗದಲ್ಲಿ ಇಟ್ಟಿಗೆನೇ ಸೀಳಿದೆ. ಗಾರೆ ಬಿಟ್ಟುಕೊಟ್ಟಿಲ್ಲ, ಇಟ್ಟಿಗೆ ಬಿಟ್ಟುಕೊಟ್ಟಿದೆ. ಇಂಥ ಗಾರೆ ಕಲಸೋರು ಈಗ ಎಲ್ಲಿದ್ದಾರೆ?”

ಬೇರೆ ದಿನ ಆಗಿದ್ದರೆ ಮೇಸ್ತ್ರಿ ಈ ಮಾತನ್ನು ಆರು ತಿಂಗಳು ಊರೆಲ್ಲ ಸುತ್ತಿಸುತ್ತಿದ್ದರು. ಇವತ್ತು ಕಿಟಕಿಯ ಕಡೆ ತಿರುಗಿ ನಿಂತರು. ಈ ಹುಡುಗಿ ಗೋಡೆಯ ಜೊತೆ ಮಾತಾಡೋದು ಕಲಿತಿದ್ದಾಳೆ. ನಾನು ನಲವತ್ತು ವರ್ಷ ಗೋಡೆಗೆ ಹೇಳಿದ್ದೆ, ಗೋಡೆ ಹೇಳಿದ್ದನ್ನ ಕೇಳಿದ್ದಿಲ್ಲ ಅಂದುಕೊಂಡರು. ಹೆಮ್ಮೆಯಾಯಿತು, ಭಯವೂ ಆಯಿತು. ಇಷ್ಟು ನೋಡಿದವಳು ಇನ್ನೊಂದು ನಾಲ್ಕು ಅಡಿ ಕೆಳಗೆ ನೋಡದೆ ಬಿಡ್ತಾಳೆಯೇ?

“ಪಾಯ ಹೇಗಿದೆ ಮಾವ?” ಪುಸ್ತಕ ತೆರೆದು, ಪೆನ್ನು ಹಿಡಿದು ಕೇಳಿದಳು ಸೊಸೆ.

“ಬಂಡೆ.”

“ಗೊತ್ತು, ಅತ್ತೆ ಯಾವಾಗಲೂ ಹೇಳ್ತಾರೆ. ಪೂರ್ತಿನಾ?”

ಅಕ್ಕ ನೋಡುತ್ತಿದ್ದಳು. ಭಾವ ನೋಡುತ್ತಿದ್ದರು. ಹೇಳಿಬಿಡಬೇಕಾದ ಗಳಿಗೆ ಅದೇ. ಆದರೆ ಇಪ್ಪತ್ತಾರು ವರ್ಷ ಹೇಳಿದ ಕಥೆಗೆ ತನ್ನದೇ ಒಂದು ಓಟ ಇರುತ್ತೆ ನೋಡಿ, ಅದು ನಿಲ್ಲಲಿಲ್ಲ.

“ಪೂರ್ತಿ” ಅಂದರು ಮೇಸ್ತ್ರಿ. “ಆ ತುದಿಯಿಂದ ಈ ತುದಿ.”

ಸೊಸೆ ಬರೆದುಕೊಂಡಳು.

ಮುಂದಿನದು ಮಟ್ಟ ನೋಡೋ ಕೆಲಸ. ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು, ಎರಡು ತುದಿಯಲ್ಲಿ ನೀರು ಯಾವಾಗಲೂ ಒಂದೇ ಎತ್ತರದಲ್ಲಿ ನಿಲ್ಲುತ್ತೆ. ಒಂದು ತುದಿ ಹಾಲಿನಲ್ಲಿ ಅವಳ ಕೈಯಲ್ಲಿ, ಇನ್ನೊಂದು ಕೋಣೆ ಕೋಣೆಗೆ ಹಿಡಿದುಕೊಂಡು ಹೋಗಿ ನೆಲದಿಂದ ನೀರಿನವರೆಗೆ ಅಳೆಯೋಕೆ ಭಾವ. ಭಾವ ಬಟ್ಟೆ ಅಳೆದ ಕೈಯವರು, ಟೇಪನ್ನು ಗೋಡೆಗೆ ಹಿಡಿದರೂ ಎರಡು ಬೆರಳು ಸಡಿಲ ಬಿಡೋರು. “ದೊಡ್ಡ ಮಾವ, ಗೋಡೆ ಉಸಿರಾಡಲ್ಲ. ಬಿಗಿಯಾಗೇ ಹಿಡೀರಿ” ಅಂತ ಸೊಸೆ ಎರಡು ಸಲ ಹೇಳಬೇಕಾಯಿತು. ಹಾಲಿನಲ್ಲಿ ಎಲ್ಲಿ ನೋಡಿದರೂ ಮೂವತ್ತಾರು ಇಂಚು. ಮಲಗುವ ಕೋಣೆ ಮೂವತ್ತಾರು. ಅಡುಗೆಮನೆ ಬಾಗಿಲು ದಾಟಿದ ಕೂಡಲೇ ಮೂವತ್ತಾರೂಮುಕ್ಕಾಲು. ಒಲೆಯ ಹತ್ತಿರ ಮೂವತ್ತೇಳೂಕಾಲು. ನೆಲ ಅಲ್ಲಿ ಒಂದೂಕಾಲು ಇಂಚು ಕೆಳಗೆ ಹೋಗಿತ್ತು.

ಆಮೇಲೆ ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕೋ ನೀಲಿ ಕಲಸಿ ಅಡುಗೆಮನೆ ಸಿಂಕಿನಲ್ಲಿ ಸುರಿಸಿ, ತಾನು ಹಿತ್ತಲಿಗೆ ಓಡಿ ಚರಂಡಿ ಗುಂಡಿಯ ಮುಚ್ಚಳ ತೆಗೆದು ಕಾದಳು. ಒಂದು ಬಕೆಟ್ ಹಾಕಿದ್ದಕ್ಕೆ ಅರ್ಧ ಬಕೆಟ್ ಕೂಡ ಬರಲಿಲ್ಲ. ಮಿಕ್ಕಿದ್ದು ನಡುವೆ ಎಲ್ಲೋ ಒಡೆದ ಪೈಪಿನಿಂದ ಮನೆಯ ಕೆಳಗೇ ಇಂಗಿತ್ತು. “ಸಿಕ್ತು!” ಅಂತ ಕೂಗಿದಳು. ಕೂಗಿದವಳು ಅಲ್ಲೇ ನಿಂತಳು. ಮುಖದ ನಗು ಮೆಲ್ಲಗೆ ಇಳಿಯಿತು. ಹಿತ್ತಲ ಮೆಟ್ಟಿಲ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟು, ಹಿಂದಿನ ಪುಟಕ್ಕೆ ಹೋದಳು, ಮುಂದಿನ ಪುಟಕ್ಕೆ ಬಂದಳು.

“ಏನಾಯ್ತೇ?” ಅಂದಳು ಅಕ್ಕ.

“ಲೆಕ್ಕ ಕೂಡ್ತಾ ಇಲ್ಲ ಅತ್ತೆ. ಬಾಗಿಲು, ಗುಂಡು, ಮಟ್ಟ, ಗಾಜು, ಎಲ್ಲ ಒಂದೇ ಮಾತು ಹೇಳ್ತಿವೆ. ಹಿಂದಿನ ಅರ್ಧ ಕೂರ್ತಾ ಇದೆ, ಮುಂದಿನ ಅರ್ಧ ಕೂತಿಲ್ಲ. ಪೈಪು ಒಡೆದು ಮಣ್ಣು ಮೆತ್ತಗಾಗಿದೆ, ಅದಕ್ಕೇ ಈಗ ಜೋರಾಗಿದೆ. ಎಲ್ಲ ಸರಿಯಾಗಿ ಕೂಡುತ್ತೆ, ಪಾಯದ ಕೆಳಗೆ ಮಣ್ಣಿದ್ರೆ. ಆದ್ರೆ ಮಣ್ಣೆಲ್ಲಿದೆ? ಮಾವ ಪೂರ್ತಿ ಬಂಡೆ ಅಂತಾರೆ. ನೀರು ಬಿದ್ರೆ ಬಂಡೆ ಕೂರಲ್ಲ.” ಅವಳು ಪೆನ್ನಿನ ತುದಿ ಕಚ್ಚಿದಳು. “ನನ್ನ ಅಳತೆಯಲ್ಲೇ ಎಲ್ಲೋ ತಪ್ಪಿದೆ.”

ಎದ್ದವಳೇ ಮಟ್ಟದ ಪೈಪಿನ ನೀರೆಲ್ಲ ಚೆಲ್ಲಿ, ಹೊಸ ನೀರು ತುಂಬಿ, ಒಳಗಿನ ಒಂದೊಂದು ಗುಳ್ಳೆಯನ್ನೂ ಬೆರಳಲ್ಲಿ ತಟ್ಟಿ ಹೊರಗೆ ಹಾಕಿ, ಮೊದಲಿಂದ ಶುರು ಮಾಡಿದಳು. ಮೂವತ್ತಾರು, ಮೂವತ್ತಾರು, ಮೂವತ್ತಾರೂಮುಕ್ಕಾಲು, ಮೂವತ್ತೇಳೂಕಾಲು. ಅದೇ. ಟೇಪೇ ಕೆಟ್ಟಿರಬಹುದು ಅಂತ ಬೇರೆ ಟೇಪು ತೆಗೆದಳು. ಮೂರನೇ ಸಲ ಅಳೆದಳು. ಅಷ್ಟು ಹೊತ್ತಿಗೆ ಹನ್ನೆರಡೂವರೆ ಆಗಿತ್ತು, ಅವಳ ಬೆನ್ನೆಲ್ಲ ಬೆವರು, ಮೊಣಕಾಲಿಗೆ ಮಣ್ಣು ಮೆತ್ತಿತ್ತು. ಅವಳ ಮುಖದಲ್ಲಿ ಮೇಸ್ತ್ರಿಯ ಮೇಲೆ ಅನುಮಾನದ ಒಂದು ಎಳೆಯೂ ಇರಲಿಲ್ಲ. ತನ್ನ ಮೇಲೇ ಇತ್ತು.

ಮೇಸ್ತ್ರಿಗೆ ಕೂರೋಕಾಗಲಿಲ್ಲ, ನಿಲ್ಲೋಕಾಗಲಿಲ್ಲ. “ಅಳತೆ ಸರಿಯಾಗೇ ಇರಬಹುದು ಕಣಮ್ಮಾ” ಅಂದರು, ನೆಲ ನೋಡಿಕೊಂಡು.

“ಹೇಗೆ ಸರಿ ಇರುತ್ತೆ ಮಾವ? ನೀವು ಕಣ್ಣಾರೆ ಕಂಡು ಕಟ್ಟಿದ್ದೀರಿ. ನಾನು ಇಪ್ಪತ್ತಾರು ವರ್ಷ ಆದ್ಮೇಲೆ ಮೇಲಿಂದ ನೋಡ್ತಿದ್ದೀನಿ. ನಿಮ್ಮ ಮಾತಿಗೂ ನನ್ನ ಪೈಪಿಗೂ ಜಗಳ ಬಂದ್ರೆ ತಪ್ಪು ಪೈಪಿಂದೇ.” ಅವಳು ಹಣೆ ಒರೆಸಿಕೊಂಡು ಅಕ್ಕನ ಕಡೆ ತಿರುಗಿದಳು. ಧ್ವನಿ ಸಣ್ಣಗಾಯಿತು. “ಅತ್ತೆ, ಬೇಜಾರು ಮಾಡ್ಕೋಬೇಡಿ. ಕಾರಣ ಗೊತ್ತಾದ್ರೆ ರಿಪೇರಿ ಹೇಳಬಹುದು. ಕಾರಣ ಗೊತ್ತಿಲ್ಲದೆ, ಗೋಡೆ ಅಲುಗಾಡ್ತಾ ಇರೋವಾಗ, ನಾನು ‘ಇರಿ’ ಅಂತ ಬರೆಯೋ ಹಾಗಿಲ್ಲ. ಸದ್ಯಕ್ಕೆ ಮನೆ ಖಾಲಿ ಮಾಡಿ.”

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟ್ರಂಕಿನ ಒಂದು ಹಿಡಿ ಹಿಡಿದು, “ಬನ್ರೀ, ಆ ಕಡೆ ಎತ್ತಿ” ಅಂತ ಗಂಡನನ್ನು ಕರೆದಳು. ಭಾವನ ಬಾಯಲ್ಲಿ ಈ ಸಲ ತಮಾಷೆ ಬರಲಿಲ್ಲ. ಇಬ್ಬರೂ ಟ್ರಂಕು ಎತ್ತಿದರು.

ಮೇಸ್ತ್ರಿಗೆ ಅಕ್ಕ ಮನೆ ಬಿಟ್ಟು ಹೋಗೋದೊಂದು ಸಂಕಟ. ಅದಕ್ಕಿಂತ ದೊಡ್ಡ ಸಂಕಟ ಆ ಹುಡುಗಿಯದು. ಅಷ್ಟು ಸ್ವಚ್ಛ ಕೆಲಸ, ಅಷ್ಟು ಸೂಕ್ಷ್ಮದ ಕೆಲಸ, ಕೂದಲೆಳೆಯಷ್ಟೂ ತಪ್ಪಿಲ್ಲದ ಕೆಲಸ! ತನ್ನ ಒಂದು ಜಂಬದ ಮಾತಿಗಾಗಿ ಅವಳು ಅದನ್ನು ತಪ್ಪು ಅಂತ ಹೊಡೆದುಹಾಕುತ್ತಿದ್ದಾಳೆ. ಒಳ್ಳೆಯ ಕೆಲಸಗಾರ ತನ್ನ ಕೆಲಸವನ್ನು ತಾನೇ ನಂಬದ ಹಾಗೆ ಮಾಡೋದಕ್ಕಿಂತ ಹೆಚ್ಚಿನ ಪಾಪ ಅವರಿಗೆ ಗೊತ್ತಿರಲಿಲ್ಲ.

“ಟ್ರಂಕು ಇಳಿಸು ಅಕ್ಕ” ಅಂದರು.

ಹಾಲಿನಿಂದ ಅಡುಗೆಮನೆ ಕಡೆ ನಡೆದು, ಬಾಗಿಲಿಗೆ ಒಂದು ಹೆಜ್ಜೆ ಹಿಂದೆ ನಿಂತು, ಹಿಮ್ಮಡಿಯಿಂದ ನೆಲ ಒತ್ತಿದರು. “ಇಲ್ಲಿಗೆ ಮುಗಿಯುತ್ತೆ ಬಂಡೆ. ಇಲ್ಲಿಂದಾಚೆ ಬರೀ ಮಣ್ಣು. ನಾನೇ ಕಂಡಿದ್ದೆ. ನಾಲ್ಕು ಅಡಿಗೆ ನಿಲ್ಲಿಸಿ ಕಟ್ಟಿಬಿಟ್ಟೆ. ಪೂರ್ತಿ ಬಂಡೆ ಅಂದಿದ್ದು ಸುಳ್ಳು. ಅವತ್ತೂ ಸುಳ್ಳು, ಈಗ ಹೇಳಿದ್ದೂ ಸುಳ್ಳು.”

ಸೊಸೆ ಬಂದು ಅವರ ಹಿಮ್ಮಡಿಯ ಪಕ್ಕ ಕೂತು, ತನ್ನ ಪುಸ್ತಕದ ಚಿತ್ರ ನೋಡಿ, ನೆಲದ ಮೇಲೆ ಗೇಣು ಹಾಕಿ ಅಳೆದಳು. ತಲೆ ಎತ್ತಿದಾಗ ಅವಳ ಕಣ್ಣು ಮಿನುಗುತ್ತಿತ್ತು.

“ಹಾಗಾದ್ರೆ ನನ್ನ ಅಳತೆ ಸರಿ!” ಅಂದಳು. “ಮಾವ, ನಾನು ನೆಲ ಬಗ್ಗೋಕೆ ಶುರುವಾಗೋ ಜಾಗ ಅಂತ ಗುರುತು ಹಾಕಿದ್ದು ಇಲ್ಲಿಂದ ಬರೀ ಒಂದು ಗೇಣು ಆಚೆ! ಒಂದೇ ಗೇಣು!”

ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದ ಮೇಸ್ತ್ರಿಗೆ ಆ ಸಂತೋಷ ನೋಡಿ ಏನು ಮಾಡಬೇಕೋ ತಿಳಿಯಲಿಲ್ಲ. “ಅರ್ಧಕ್ಕಾದ್ರೂ ಬಂಡೆ ಇದ್ದದ್ದು ಒಳ್ಳೇದೇ ಅಲ್ವಾ ತಾಯಿ?” ಅಂತ ಕೇಳಿದರು. ಇಷ್ಟು ವರ್ಷ ಅವರು ನಿಜವಾಗಿಯೂ ಹಾಗೇ ನಂಬಿದ್ದರು.

“ಅಲ್ಲೇ ತಪ್ಪಿದ್ದು ಮಾವ. ಮನೆ ಪೂರ್ತಿ ಮಣ್ಣಿನ ಮೇಲಿದ್ದಿದ್ರೆ ಒಟ್ಟಿಗೆ ಒಂದೇ ಸಮ ಕೂರ್ತಿತ್ತು, ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಪೂರ್ತಿ ಬಂಡೆ ಮೇಲಿದ್ದಿದ್ರೆ ಒಟ್ಟಿಗೆ ನಿಲ್ತಿತ್ತು. ಅರ್ಧ ಕೂತು ಅರ್ಧ ನಿಂತ್ರೆ ನಡುವೆ ಹರಿಯುತ್ತೆ. ಹೊಲಿಗೆ ಬಿಡೋ ಹಾಗೆ, ಅಲ್ವಾ ದೊಡ್ಡ ಮಾವ?”

“ಹೌದೌದು” ಅಂದರು ಭಾವ. “ಒಂದು ಕಡೆ ಹಿಗ್ಗೋ ಬಟ್ಟೆ, ಒಂದು ಕಡೆ ಹಿಗ್ಗದ ಬಟ್ಟೆ ಹಾಕಿ ಹೊಲಿದ್ರೆ ನನ್ನ ಹತ್ತಿರಾನೂ ಹಂಗೇ ಆಗೋದು.”

ಅಕ್ಕ ಮಾತ್ರ ಟ್ರಂಕಿನ ಮೇಲೆ ಕೂತುಬಿಟ್ಟಿದ್ದಳು. ಹಿಂದಿನ ಕೋಣೆಯ ಕಡೆ ಕೈ ತೋರಿಸಿ ಹೇಳಿದಳು. “ಮಕ್ಕಳನ್ನ ಆ ಹಿಂದಿನ ಕೋಣೇಲಿ ಮಲಗಿಸ್ತಿದ್ದೆ ಕಣೋ. ಮಳೆ ಗಾಳಿ ಬಂದ್ರೆ ಪಕ್ಕದ ಮನೆ ಮಕ್ಕಳನ್ನೂ ಕರ್ಕೊಂಡು ಬಂದು ಅಲ್ಲೇ ಮಲಗಿಸ್ತಿದ್ದೆ. ಬಂಡೆ ಮೇಲಿದೆ, ನನ್ನ ತಮ್ಮ ಹೇಳಿದಾನೆ ಅಂತ. ನಾನು ಪಾಯ ನೋಡಿದ್ನಾ? ನಿನ್ನ ಮುಖ ನೋಡಿ ನಂಬಿದ್ದೆ.”

ಮೇಸ್ತ್ರಿ ತಲೆ ತಗ್ಗಿಸಿ ನಿಂತರು. ಸೊಸೆಯೂ ಮಾವನ ಪರ ವಹಿಸಿ ಮಾತಾಡಲಿಲ್ಲ. ಅತ್ತೆ ಕಣ್ಣೀರು ಒರೆಸಿಕೊಳ್ಳೋವರೆಗೆ ಕಾದು, ಆಮೇಲೆ ಹೇಳಿದಳು.

“ಅತ್ತೆ, ಈಗ ಕೇಳಿ. ಕಾರಣ ಸಿಕ್ಕಿದೆ, ಅಂದ್ರೆ ದಾರಿನೂ ಸಿಕ್ಕಿದೆ. ಕೆಡವೋದು ಬೇಡ. ಇವತ್ತೇ ಆ ಪೈಪು ಸರಿ ಮಾಡಿಸೋಣ. ಹಿಂದಿನ ಗೋಡೆಗಳ ಕೆಳಗೆ ಮೂರು ಮೂರು ಅಡಿ ತುಂಡು ಮಾಡಿ ತೋಡಿ, ಗಟ್ಟಿ ನೆಲ ಸಿಗೋವರೆಗೆ ಹೋಗಿ ಹೊಸ ಪಾಯ ಕೊಡಬಹುದು. ಒಂದು ತುಂಡು ಒಣಗಿದ ಮೇಲೆ ಇನ್ನೊಂದು. ಅಲ್ಲೀವರೆಗೆ ಮುಂದಿನ ಎರಡು ಕೋಣೇಲಿ ಇರಿ. ಆದ್ರೆ ಒಂದೇ ಒಂದು ಅಳತೆ ಬಾಕಿ ಇದೆ. ಚಿಕ್ಕ ಕೋಣೆಯ ಆ ಮೂಲೆ. ಅಲ್ಲಿ ಬೀರು ಇದೆ ಅಂತ ಬಿಟ್ಟಿದ್ದೆ. ಅದೇ ಬಂಡೆಯಿಂದ ಎಲ್ಲಕ್ಕಿಂತ ದೂರದ ಮೂಲೆ. ಅಲ್ಲಿ ಎರಡು ಇಂಚಿನ ಒಳಗೆ ಕೂತಿದ್ರೆ ನೀವು ಇರಬಹುದು. ಎರಡು ದಾಟಿದ್ರೆ, ಕ್ಷಮಿಸಿ, ಚಾವಣಿಯ ಮೇಲೆ ನನಗೆ ನಂಬಿಕೆ ಇಲ್ಲ, ಇವತ್ತೇ ಹೊರಡಬೇಕು.”

ಎಲ್ಲರೂ ಸೇರಿ ಬೀರು ಸರಿಸಿದರು. ಭಾವ ಪೈಪಿನ ತುದಿ ಎತ್ತಿಕೊಳ್ಳೋಕೆ ಬಗ್ಗಿದರು.

“ನೀವು ಬೇಡ ದೊಡ್ಡ ಮಾವ” ಅಂದಳು ಸೊಸೆ. “ಇದು ಮಾವ ಹಿಡೀಲಿ.”

ಮೇಸ್ತ್ರಿ ಅವಳ ಮುಖ ನೋಡಿದರು. ಅವಳು ಆಗಲೇ ಪೈಪಿನ ಇನ್ನೊಂದು ತುದಿ ಹಿಡಿದು ಹಾಲಿಗೆ ಹೋಗಿಯಾಗಿತ್ತು. ನಡುವೆ ಎರಡು ಗೋಡೆ. ಅಲ್ಲಿಂದ ಇಲ್ಲಿಯದು ಅವಳಿಗೆ ಕಾಣೋ ಹಾಗಿರಲಿಲ್ಲ.

ಅವರು ಮೂಲೆಯಲ್ಲಿ ಮಂಡಿಯೂರಿದರು. ಟೇಪಿನ ತುದಿಯನ್ನು ನೆಲಕ್ಕೆ ಬಿಗಿಯಾಗಿ ಒತ್ತಿ, ಪೈಪನ್ನು ಗೋಡೆಗೆ ನೆಟ್ಟಗೆ ಹಿಡಿದು, ಮೇಲೆ ಕೆಳಗೆ ಕುಣಿಯುತ್ತಿದ್ದ ನೀರು ಸುಮ್ಮನಾಗೋವರೆಗೆ ಉಸಿರು ಬಿಗಿಹಿಡಿದು ಕಾದರು. ಕಣ್ಣನ್ನು ನೀರಿನ ಮಟ್ಟಕ್ಕೆ ತಂದರು. ಒಂದು ಸಲ ನೋಡಿದರು. ಇನ್ನೊಂದು ಸಲ ನೋಡಿದರು. ಜೀವನದಲ್ಲಿ ಯಾವ ಗೋಡೆಯನ್ನೂ ಅವರು ಅಷ್ಟು ಹೆದರಿಕೊಂಡು ಅಳೆದಿರಲಿಲ್ಲ.

“ನಿಮ್ಮ ಕಡೆ ಎಷ್ಟು ಮಾವ?” ಹಾಲಿನಿಂದ ಕೂಗು ಬಂತು.

“ಮೂವತ್ತೇಳೂವರೆ” ಅಂದರು. ಆಮೇಲೆ ಮತ್ತೆ ಬಗ್ಗಿ ನೋಡಿ, “ಇರು ಇರು. ಮೂವತ್ತೇಳೂವರೆ ಮೇಲೆ ಇನ್ನೊಂದು ಗೀರು ಇದೆ. ಅದನ್ನೂ ಸೇರಿಸ್ಕೋ” ಅಂದರು.

ಬೆನ್ನ ಹಿಂದೆ ಬಳೆ ಸದ್ದಾಯಿತು. ಯಾವಾಗ ಬಂದಳೋ, ಅಕ್ಕ ಸೊಂಟಕ್ಕೆ ಕೈ ಕೊಟ್ಟು ಬಗ್ಗಿ, ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು, ತಮ್ಮನ ಭುಜದ ಮೇಲಿಂದ ಟೇಪನ್ನು ನೋಡುತ್ತಿದ್ದಳು. ಗೀರುಗಳನ್ನು ಒಂದೊಂದಾಗಿ ಎಣಿಸಿದಳು. ಮೇಸ್ತ್ರಿ ಅಲುಗಾಡದೆ ಹಿಡಿದುಕೊಂಡರು. ಇನ್ನು ಮೇಲೆ ಅವಳು ತನ್ನ ಮಾತನ್ನು ಹೀಗೇ ಎಣಿಸಿ ನೋಡುತ್ತಾಳೆ ಅಂತ ಅವರಿಗೆ ಗೊತ್ತಾಯಿತು. ಎಣಿಸಲಿ, ಅದು ಅವಳ ಹಕ್ಕು ಅಂದುಕೊಂಡರು.

“ಸರಿಯಾಗೇ ಹೇಳಿದಾನೆ ಕಣೇ” ಅಂತ ಅಕ್ಕ ಹಾಲಿನ ಕಡೆ ಕೂಗಿದಳು. “ಬರ್ಕೋ!”

“ನಾನು ಆಗಲೇ ಬರ್ಕೊಂಡೆ ಅತ್ತೆ” ಅಂದಳು ಸೊಸೆ ಆ ಕಡೆಯಿಂದ. “ಎರಡು ಇಂಚಿನ ಒಳಗೇ ಇದೆ. ಮೂಟೆ ಬಿಚ್ಚಿ.”

ಅಕ್ಕ ಹೋದಳು. ಮೇಸ್ತ್ರಿ ಮಾತ್ರ ಪೈಪು ಹಿಡಿದುಕೊಂಡು ಆ ಮೂಲೆಯಲ್ಲೇ ಕೂತಿದ್ದರು. ತನ್ನ ಬಾಯಿಂದ ಕೇಳಿದ ಕೂಡಲೇ ಬರ್ಕೊಂಡಳಂತೆ, ಬಂದು ನೋಡಲೂ ಇಲ್ಲ. ನೀರು ಕಣ್ಣಲ್ಲಿತ್ತೋ ಪೈಪಿನಲ್ಲಿತ್ತೋ, ಗೀರುಗಳು ಅವರಿಗೆ ಕಾಣಿಸುತ್ತಿರಲಿಲ್ಲ.